ಕಲ್ಲುತೊಟ್ಟಿಯ ಕೆಂಪು ವೈನ್, ಅವ್ವನ ಕಡಕ್ ರೊಟ್ಟಿ

ಬ್ಯಾಡರಹಳ್ಳಿ, ಹೊರಡುವ ಹಿಂದಿನ ದಿನ

ಉಣ್ಣೆಯ ಸ್ವೆಟರ್ ಒಂದು, ಕಡಕ್ ರೊಟ್ಟಿ ನಲವತ್ತು. ಇಟಲಿ ಪ್ರವಾಸದ ನನ್ನ ದಿನಚರಿ ಹೀಗೆ ಶುರುವಾಗುತ್ತದೆ. ಎಲ್ಲವನ್ನೂ ಎಣಿಸಿ ಬರೆದಿಡುವುದು ನನಗೆ ಶಾಲೆಯಿಂದ ಬಂದ ಅಭ್ಯಾಸ. ಸ್ವೆಟರ್ ಚಳಿಗೆ. ರೊಟ್ಟಿ ಕೆಲಸಕ್ಕೆ.

ಕೆಲಸ ಏನೆಂದು ಮೊದಲೇ ಹೇಳಿಬಿಡುತ್ತೇನೆ. ರಾಜಾಜಿನಗರದ ಒಂದು ಉತ್ತರ ಕರ್ನಾಟಕ ಊಟದ ಹೋಟೆಲಿನಲ್ಲಿ ನಾನಿದ್ದೇನೆ. ಮೊದಲು ಬಿಲ್ಲಿಂಗ್ ಕೌಂಟರಿನಲ್ಲಿದ್ದೆ. ಮಾಲೀಕರಾದ ಹರೀಶ್ ಸಾರ್ ಮಹಡಿಯಲ್ಲಿ ಬಾರ್ ತೆರೆದಾಗ ನಾನು ವೈನ್ ಬಗ್ಗೆ ಒಂದು ಕೋರ್ಸ್ ಮಾಡಿಕೊಂಡೆ, ಅವರು ಮಹಡಿಯ ವೈನಿನ ಹೊಣೆ ನನಗೆ ಕೊಟ್ಟರು. ಆದರೆ ಗಿರಾಕಿಗಳು ಎಣ್ಣೆಗಾಯಿ ಬದನೆಕಾಯಿ ಜೊತೆ ರೆಡ್ ವೈನ್ ತರಿಸಿಕೊಂಡು, ಎರಡು ಗುಟುಕಿಗೆ ಮುಖ ಹಿಂಡಿ, ಗ್ಲಾಸನ್ನು ಪಕ್ಕಕ್ಕೆ ಸರಿಸಿ ನೀರು ಕೇಳುತ್ತಿದ್ದರು. ಸಾರ್ ಒಂದು ದಿನ ಅರ್ಧ ತುಂಬಿದ ಗ್ಲಾಸುಗಳ ಟ್ರೇ ತಂದು ನನ್ನ ಮುಂದೆ ಇಟ್ಟರು.

"ನೋಡು ಶಿಲ್ಪಾ, ದೀಪಾವಳಿ ಒಳಗೆ ನಮ್ಮೂಟಕ್ಕೆ ಹೊಂದೋ ಒಂದೇ ಒಂದು ರೆಡ್ ವೈನ್ ತೋರ್ಸು. ಆಗ್ಲಿಲ್ವಾ, ಮೇಲೆ ಬರೀ ಬಿಯರ್ ಇಡ್ತೀನಿ. ನೀನು ವಾಪಸ್ ಬಿಲ್ಲಿಂಗ್‌ಗೆ."

ನಮಗೆ ವೈನ್ ತರಿಸಿಕೊಡುವ ಕಂಪನಿಯವರು ಹೋಟೆಲುಗಳಲ್ಲಿ ಕೆಲಸ ಮಾಡುವವರಿಗೆ ಒಂದು ಪರೀಕ್ಷೆ ಇಟ್ಟು, ಗೆದ್ದವರನ್ನು ಇಟಲಿಯ ಉತ್ತರದ ತುದಿಗೆ, ಆಲ್ಪ್ಸ್ ಬೆಟ್ಟಗಳ ಬುಡಕ್ಕೆ, ಒಂದು ವಾರ ಕಳಿಸುತ್ತಾರೆ. ತಿಳಿಬಣ್ಣದ, ಹಗುರವಾದ ಕೆಂಪು ವೈನ್‌ಗಳಿಗೆ ಹೆಸರಾದ ಸೀಮೆ ಅದು. ಗೆದ್ದೆ. ಗೆದ್ದ ದಿನವೇ ತೀರ್ಮಾನಿಸಿದೆ: ಬರಿಗೈಯಲ್ಲಿ ಬರುವುದಿಲ್ಲ.

ನಮ್ಮ ಮನೆಯಲ್ಲಿ ಇನ್ನೊಂದು ತೊಡಕಿತ್ತು. ಅದೇ ಹೋಟೆಲಿಗೆ ರೊಟ್ಟಿ ಬಡಿದು ಕೊಡುವವಳು ನನ್ನ ಅವ್ವ. ವಿಜಯಪುರದ ಕಡೆಯವಳು, ಸ್ನಾನ ಮಾಡಿ ವಿಭೂತಿ ಹಚ್ಚದೆ ಒಲೆ ಹಚ್ಚದವಳು. ನಾನು ಕೋರ್ಸಿಗೆ ಸೇರಿದಾಗಲೇ ಅವಳು ಮಾತು ತೆಗೆದುಕೊಂಡಿದ್ದಳು. ವೈನ್ ರುಚಿ ನೋಡುವವರು ಬಾಯಲ್ಲಿ ಆಡಿಸಿ ಉಗುಳುತ್ತಾರೆ ಎಂದು ನಾನು ವಿವರಿಸಿದ ಮೇಲೆ ಸಿಕ್ಕಿದ ಒಪ್ಪಿಗೆ ಅದು. ಹೊರಡುವ ಹಿಂದಿನ ದಿನ ರೊಟ್ಟಿ ಪೇರಿಸುತ್ತಾ ಮತ್ತೆ ನೆನಪಿಸಿದಳು.

"ಬಾಯಾಗ ಹಾಕ್ಕೋ, ಉಗುಳು. ಗಂಟಲದಾಗ ಒಂದು ಹನಿ ಇಳೀಬಾರದು, ತಿಳೀತಿಲ್ಲೋ?"

"ತಿಳೀತವ್ವ."

"ನಾ ಬಡದ ರೊಟ್ಟಿ ಜೋಡಿ ಹೆಂಡ ಕುಡೀತಾರಂದ್ರ ಮೊದಲ ಮೈ ಉರೀತದ. ಮಗಳೂ ಕುಡದ್ಲು ಅನ್ನಿಸಬ್ಯಾಡ."

ರೊಟ್ಟಿಯನ್ನು ಅವಳು ಸ್ಟೀಲ್ ಡಬ್ಬಿಯಲ್ಲಿಟ್ಟು, ಶೇಂಗಾ ಚಟ್ನಿಪುಡಿ, ಗುರೆಳ್ಳು, ಮಸಾಲೆ ಖಾರದ ಪೊಟ್ಟಣಗಳ ಜೊತೆ ಕೊಟ್ಟಿದ್ದಳು. ಸೂಟ್‌ಕೇಸ್ ತೂಗಿ ನೋಡಿದೆ, ತೂಕ ಮೀರಿತ್ತು. ಡಬ್ಬಿ ತೆಗೆದು ರೊಟ್ಟಿಯನ್ನು ಅವ್ವನ ಹಳೆಯ ಇಳಕಲ್ ಸೀರೆಯಲ್ಲಿ ಸುತ್ತಿದೆ. ತೂಕ ಸರಿಹೋಯಿತು.

ಬೊಲ್ಜಾನೊ, ಮೊದಲೆರಡು ದಿನ

ಜರ್ಮನಿಯ ಮ್ಯೂನಿಕ್‌ನಲ್ಲಿ ವಿಮಾನ ಇಳಿದು, ಬೆಟ್ಟ ಹತ್ತಿ ಇಳಿಯುವ ರೈಲು ಹಿಡಿದು ಬೊಲ್ಜಾನೊ ಸೇರಿದೆ. ಇಟಲಿಯಾದರೂ ಈ ಸೀಮೆಯ ಹೆಚ್ಚಿನವರ ಮನೆಮಾತು ಜರ್ಮನ್. ಬೀದಿಯ ಹೆಸರುಗಳೆಲ್ಲ ಎರಡು ಭಾಷೆಯಲ್ಲಿವೆ. ಕಾಫಿ ಅಂಗಡಿಯಲ್ಲಿ ಒಬ್ಬಾಕೆ ಜರ್ಮನ್‌ನಲ್ಲಿ ಕೇಳಿದ್ದಕ್ಕೆ ಅಂಗಡಿಯವನು ಇಟಾಲಿಯನ್‌ನಲ್ಲಿ ಉತ್ತರ ಕೊಟ್ಟ, ಇಬ್ಬರೂ ಹಾಗೆಯೇ ಮಾತು ಮುಂದುವರಿಸಿದರು. ವಿಜಯನಗರದ ಮಾರ್ಕೆಟ್ಟಿನಲ್ಲಿ ನಾನು ಕನ್ನಡದಲ್ಲಿ ಕೇಳಿ, ತಮಿಳಿನಲ್ಲಿ ಉತ್ತರ ಪಡೆದು ಸೊಪ್ಪು ಕೊಳ್ಳುವುದು ನೆನಪಾಯಿತು.

ಕೋಣೆಗೆ ಬಂದು ಸೂಟ್‌ಕೇಸ್ ತೆಗೆದೆ. ನಲವತ್ತು ರೊಟ್ಟಿ ಸೀರೆಯೊಳಗೆ ನುಚ್ಚಾಗಿತ್ತು. ಹುಡುಕಿದರೂ ಅಂಗೈಗಿಂತ ದೊಡ್ಡ ಚೂರು ಸಿಗಲಿಲ್ಲ. ಆಮೇಲೆ ಎಲ್ಲವನ್ನೂ ಪ್ಲಾಸ್ಟಿಕ್ ಚೀಲಕ್ಕೆ ತುಂಬಿದೆ. ನುಚ್ಚಾದರೂ ರುಚಿ ಅದೇ ತಾನೆ.

ಎರಡು ದಿನ ನಮ್ಮನ್ನು ವೈನ್ ಇಡುವ ಒಂದು ನೆಲಮಾಳಿಗೆಯಿಂದ ಇನ್ನೊಂದಕ್ಕೆ ಕರೆದೊಯ್ದರು. ಅಲ್ಲಿ ಎಲ್ಲರೂ ಉಗುಳುವವರೇ. ಸೂಟು ಹಾಕಿದವರು, ಮುತ್ತಿನ ಸರ ಹಾಕಿದವರು, ಸಾಲಾಗಿ ನಿಂತು ಬಕೆಟ್ಟಿಗೆ ಗುರಿಯಿಟ್ಟು ಉಗುಳುತ್ತಿದ್ದರು. ಅವ್ವನಿಗೆ ವಿಡಿಯೋ ಕಳಿಸಿದೆ. "ಇಷ್ಟು ಚಂದ ಅರಿವಿ ಹಾಕ್ಕೊಂಡು ಇದೇನವಾ?" ಎಂದು ಮೆಸೇಜ್ ಬಂತು. ಆದರೆ ಸಮಾಧಾನವಾಗಿತ್ತು ಅವಳಿಗೆ.

ಪ್ರತಿ ವೈನಿಗೂ ಚಿಟಿಕೆ ರೊಟ್ಟಿ ನುಚ್ಚು, ಚಿಟಿಕೆ ಶೇಂಗಾ ಚಟ್ನಿಪುಡಿ ಬಾಯಿಗೆ ಹಾಕಿಕೊಂಡು ಪರೀಕ್ಷಿಸಿದೆ. ಹೊಂದಿದರೆ ಒಂದು ಗೀಟು, ಬಹಳ ಹೊಂದಿದರೆ ಎರಡು. ಪಿನೋ ನುವಾರ್ ಎಂಬ ಹಗುರ ವೈನ್‌ಗೆ ಒಂದು ಗೀಟು. ಈ ಊರಿನದೇ ಆದ ಎರಡು ದ್ರಾಕ್ಷಿಗಳ ವೈನ್‌ಗಳೂ ಇದ್ದವು. ಒಂದು ಲಾಗ್ರೈನ್: ನೇರಳೆಹಣ್ಣಿನ ಬಣ್ಣ, ಗಟ್ಟಿ, ಹಲ್ಲಿಗೆ ಹಿಡಿಯುವ ಒಗರು. ಇನ್ನೊಂದು ಫೆರ್ನಾಚ್: ದಾಳಿಂಬೆ ರಸದಷ್ಟು ತಿಳಿ, ಗ್ಲಾಸಿನಾಚೆ ಬೆರಳು ಕಾಣುತ್ತಿತ್ತು. ಫೆರ್ನಾಚ್ ನೀರಾದಂತೆ ಅನ್ನಿಸಿ ಒಂದು ಗೀಟೂ ಹಾಕಲಿಲ್ಲ. ಲಾಗ್ರೈನ್‌ಗೆ ಎರಡು ಗೀಟು. ಖಾರದ ಎದುರು ನಿಲ್ಲಲು ಗಟ್ಟಿ ವೈನೇ ಬೇಕು ಎಂಬುದು ನನ್ನ ಲೆಕ್ಕ.

ಎರಡನೇ ದಿನದ ಕೊನೆಗೆ ಹರೀಶ್ ಸಾರ್ ಫೋನ್ ಮಾಡಿದರು.

"ಏನಮ್ಮಾ, ಪಾಸ್ತಾ ತಿಂದ್ಕೊಂಡು ಆರಾಮಾಗಿದೀಯಾ? ಸಿಕ್ತಾ ನಮ್ ವೈನು?"

"ಸಿಕ್ಕ ಹಾಗಿದೆ ಸಾರ್."

"ಸಿಕ್ಕ ಹಾಗಿದೆ ಅಂದ್ರೆ ಸಿಕ್ಕಿಲ್ಲ ಅಂತ. ನನಗೆ ಗೊತ್ತಿಲ್ವಾ ನಿನ್ ಭಾಷೆ?"

ರೋಸಾ ಅಜ್ಜಿಯ ಚಪ್ಪರ, ಮೂರನೇ ದಿನ

ಉಳಿದ ದಿನಗಳಿಗೆ ನಮ್ಮನ್ನು ಒಬ್ಬೊಬ್ಬರಂತೆ ರೈತರ ಮನೆಗಳಿಗೆ ಹಂಚಿದರು. ನನಗೆ ಸಿಕ್ಕಿದ್ದು ಊರಿನ ಮೇಲಿನ ಇಳಿಜಾರಿನಲ್ಲಿದ್ದ ರೋಸಾ ಅಜ್ಜಿಯ ಮನೆ. ಗಂಡ ಆಲೋಯಿಸ್, ಮಗಳು ಮಾರ್ತಾ. ಇಂಗ್ಲಿಷ್ ಬರುವವಳು ಮಾರ್ತಾ ಒಬ್ಬಳೇ. ಹಾಗಾಗಿ ಮುಂದೆ ಬರುವ ಅಜ್ಜಿ-ತಾತರ ಮಾತೆಲ್ಲ ಅವಳ ಬಾಯಿಂದ ದಾಟಿ ಬಂದದ್ದು.

ಬಳ್ಳಿಗಳನ್ನು ಕಂಡು ನನಗೆ ಊರಿನವರು ಸಿಕ್ಕಷ್ಟು ಸಂತೋಷವಾಯಿತು. ವಿಜಯಪುರದ ನಮ್ಮ ಸೋದರಮಾವನ ತೋಟದ ಹಾಗೆ ಇಲ್ಲಿಯೂ ದ್ರಾಕ್ಷಿ ಚಪ್ಪರದ ಮೇಲಿದೆ, ಗೊಂಚಲು ತಲೆಯ ಮೇಲೆ ತೂಗುತ್ತವೆ. ಕೊಯ್ಯುವವರೆಲ್ಲ ಕತ್ತು ಹಿಂದಕ್ಕೆ ಚೆಲ್ಲಿ ನಿಂತಿದ್ದರು. ನಾನು ಕತ್ತರಿ ಹಿಡಿದು ಮೊದಲ ಬುಟ್ಟಿ ತುಂಬಿಸುವಷ್ಟರಲ್ಲಿ ತೋಳು ಸೋತಿತು. ಹನ್ನೊಂದು ಬುಟ್ಟಿ ಕೊಯ್ದೆ. ಪಕ್ಕದಲ್ಲಿ ಎಪ್ಪತ್ತು ದಾಟಿದ ರೋಸಾ ಅಜ್ಜಿ ಎಷ್ಟು ಕೊಯ್ದಳೆಂದು ಎಣಿಸುವುದನ್ನು ಅರ್ಧಕ್ಕೇ ಬಿಟ್ಟೆ.

ಚಪ್ಪರ ಒಂದೇ, ಹವೆ ಬೇರೆ. ವಿಜಯಪುರದಲ್ಲಿ ಬಿಸಿಲು ಹಣ್ಣಿಗೆ ಬಿಡುವು ಕೊಡುವುದಿಲ್ಲ, ಸಕ್ಕರೆ ಬೇಗ ತುಂಬುತ್ತದೆ, ಹುಳಿ ಬೇಗ ಇಳಿಯುತ್ತದೆ. ಒಣದ್ರಾಕ್ಷಿಗೆ ಅದು ಚಿನ್ನದಂಥ ಹವೆ. ಅಲ್ಲಿ ಬಳ್ಳಿಗೆ ನಿದ್ದೆಯೂ ಇಲ್ಲ, ವರ್ಷಕ್ಕೆ ಎರಡು ಸಲ ಚಾಟಣಿ ಮಾಡಿ, ಅಂದರೆ ಕೊಂಬೆ ಸವರಿ, ಎಬ್ಬಿಸುತ್ತಾರೆ. ಇಲ್ಲಿ ಬಳ್ಳಿ ಚಳಿಗಾಲವಿಡೀ ಮಲಗುತ್ತದೆ. ಬೇಸಿಗೆಯ ಹಗಲಿನಲ್ಲಿ ಕಣಿವೆ ಕಾದ ಹೆಂಚಿನಂತಿರುತ್ತದೆ, ಹೊತ್ತು ಮುಳುಗಿದೊಡನೆ ಮೇಲಿನ ಹಿಮದಿಂದ ತಣ್ಣನೆಯ ಗಾಳಿ ಇಳಿದು ಹಣ್ಣಿನ ಹುಳಿಯನ್ನು ಉಳಿಸುತ್ತದೆ. ಫೆರ್ನಾಚ್ ಗೊಂಚಲು ದೊಡ್ಡದು, ಸಿಪ್ಪೆ ತೆಳು. ಬಣ್ಣವೂ ಒಗರೂ ಇರುವುದು ಸಿಪ್ಪೆಯಲ್ಲಿ. ಆದ್ದರಿಂದ ವೈನ್ ತಿಳಿ, ಹಗುರ. ಓದಿ ಗೊತ್ತಿದ್ದದ್ದೇ. ಆದರೆ ಹಗಲು ಬೆವರಿ, ಸಂಜೆ ಅದೇ ಅಂಗಿಯಲ್ಲಿ ನಡುಗಿದಾಗ ಮಾತ್ರ ಹಣ್ಣಿನ ಪಾಡು ಏನೆಂದು ತಿಳಿಯಿತು.

ಎಡವಟ್ಟಾದದ್ದು ಊಟದ ಮೇಜಿನಲ್ಲಿ. ಅಜ್ಜಿ ನನಗಾಗಿ ಮಾಂಸ ಬಿಟ್ಟು ಬಾರ್ಲಿ ಸೂಪ್ ಮಾಡಿದ್ದಳು. ಎಲ್ಲರಿಗೂ ತಮ್ಮ ಮನೆಯ ಫೆರ್ನಾಚ್ ಸುರಿದಳು. ನಾನು ಒಂದು ಗುಟುಕು ಬಾಯಲ್ಲಿ ಆಡಿಸಿ, ಎರಡು ದಿನದ ಅಭ್ಯಾಸದಂತೆ ಖಾಲಿ ಲೋಟ ಎತ್ತಿಕೊಂಡು ಅದಕ್ಕೆ ಉಗುಳಿದೆ.

ಅಜ್ಜಿ ಬಾಟಲಿಯನ್ನು ಮೂಸಿ ನೋಡಿದಳು. ಕೆಟ್ಟಿದೆಯೆಂದು ತಿಳಿದು ಹೊಸದೊಂದು ತೆಗೆದಳು. ನಾನು ಗಾಬರಿಯಲ್ಲಿ ಅದನ್ನೂ ಬಾಯಿಗೆ ಹಾಕಿಕೊಂಡು ಉಗುಳಿದೆ. ಅವಳು ಮೂರನೆಯ ಬಾಟಲಿಗೆ ಎದ್ದಾಗ ಮಾರ್ತಾ ನನ್ನ ಕೈ ಹಿಡಿದಳು.

"ದಯವಿಟ್ಟು ನಿಲ್ಲಿಸು. ಇದು ನೆಲಮಾಳಿಗೆಯಲ್ಲ, ನಮ್ಮ ಮನೆ. ಅಪ್ಪ ಮಾಡಿದ ವೈನನ್ನು ಈ ಮೇಜಿನಲ್ಲಿ ಇಲ್ಲಿಯವರೆಗೆ ಯಾರೂ ಉಗುಳಿಲ್ಲ."

ಮುಖ ಸುಟ್ಟಂತಾಯಿತು. ಅವ್ವನಿಗೆ ಕೊಟ್ಟ ಮಾತನ್ನು ಹೇಳಿದೆ. ಮಾರ್ತಾ ದಾಟಿಸಿದಳು. ಅಜ್ಜಿ ನನ್ನನ್ನೇ ದಿಟ್ಟಿಸಿ ಏನೋ ಕೇಳಿದಳು.

"ನಿನ್ನ ಅಮ್ಮ ಇಲ್ಲಿಗೆ ಫೋನ್ ಮಾಡಿ ಕೇಳುತ್ತಾಳಾ ಎನ್ನುತ್ತಿದ್ದಾಳೆ."

"ಇಲ್ಲ. ಕೇಳುವುದಿಲ್ಲ."

ಅಜ್ಜಿ ನಕ್ಕಳು. ಒಳಗೆ ಹೋಗಿ ಎನಾಮೆಲ್ ಹಾಲಿನ ಮಗ್ ಒಂದನ್ನು ತಂದು ನನ್ನ ತಟ್ಟೆಯ ಪಕ್ಕ ಇಟ್ಟಳು. ಆ ಮನೆಯಲ್ಲಿ ಉಳಿದಷ್ಟು ದಿನವೂ ಅದು ನಾನು ಉಗುಳುವ ಮಗ್.

ಆಮೇಲೆ ರೊಟ್ಟಿ ಬಂತು. ಹೌದು, ರೊಟ್ಟಿ. ರೈ ಎಂಬ ಧಾನ್ಯದ ಹಿಟ್ಟಿನದು, ಸೋಂಪಿನ ಘಮದ್ದು, ತಟ್ಟೆಯಗಲ, ಮುರಿದರೆ ಟಪ್ ಎನ್ನುವಂಥದ್ದು. ಹಿಟ್ಟನ್ನು ದುಂಡು ಹಲಗೆಯ ಮೇಲಿಟ್ಟು ಹಲಗೆಯನ್ನೇ ಕುಲುಕಿ ಕುಲುಕಿ ಅಗಲ ಮಾಡುತ್ತಾರಂತೆ. ಬೇಯಿಸಿ ಒಣಗಿಸಿದರೆ ಚಳಿಗಾಲ ಪೂರ್ತಿ ಬರುತ್ತದೆ. ನಾನು ಓಡಿಹೋಗಿ ನನ್ನ ಪ್ಲಾಸ್ಟಿಕ್ ಚೀಲ ತಂದು ಮೇಜಿನ ಮೇಲೆ ಸುರಿದೆ. ಆಲೋಯಿಸ್ ತಾತ ನುಚ್ಚನ್ನು ಬೆರಳಿನಿಂದ ಕೆದಕಿ, ಒಂದು ಚೂರು ಕಡಿದು, ಗಂಭೀರವಾಗಿ ಕೇಳಿದ:

"ಇದನ್ನು ಪುಡಿ ಮಾಡಿಯೇ ತಿನ್ನುವುದಾ?"

ಗಂಟಲು, ನಾಲ್ಕನೇ ದಿನ

ಮರುದಿನ ಎಣ್ಣೆಗಾಯಿ ಮಾಡುತ್ತೇನೆಂದು ಹೇಳಿದೆ. ಮಾರ್ತಾ ತಂದ ಬದನೆಕಾಯಿಗಳು ಒಂದೊಂದೂ ಗುಂಡುಕಲ್ಲಿನಷ್ಟಿದ್ದವು. ಇಡಿಯಾಗಿ ಸೀಳಿ ತುಂಬುವ ಮಾತೇ ಇಲ್ಲ. ಹೋಳು ಮಾಡಿ, ಶೇಂಗಾ, ಗುರೆಳ್ಳು, ಕೊಬ್ಬರಿ, ಅವ್ವನ ಮಸಾಲೆ ಖಾರ ಸೇರಿಸಿ ಎಣ್ಣೆ ಬಿಡುವವರೆಗೆ ಬೇಯಿಸಿದೆ. ಬೊಲ್ಜಾನೊದಿಂದ ತಂದಿದ್ದ ನನ್ನ ಎರಡು ಗೀಟಿನ ಲಾಗ್ರೈನ್ ಬಾಟಲಿ ತೆಗೆದು ತಾತನಿಗೆ ಸುರಿದೆ.

ತಾತ ರೈ ರೊಟ್ಟಿ ಮುರಿದು, ಎಣ್ಣೆಗಾಯಿ ಹಚ್ಚಿ ತಿಂದ. ಹುಬ್ಬೇರಿತು, ತಲೆದೂಗಿದ. ಲಾಗ್ರೈನ್ ದೊಡ್ಡ ಗುಟುಕು ನುಂಗಿದ. ಅಷ್ಟೇ. ಕೆಮ್ಮು ಬಂತು, ಕಣ್ಣಲ್ಲಿ ನೀರು, ಕುತ್ತಿಗೆ ಕೆಂಪು. ಗಂಟಲು ಹಿಡಿದುಕೊಂಡು ಎದ್ದ.

"ಖಾರ ಜಾಸ್ತಿಯಾಯಿತಾ?" ಎಂದೆ.

"ಖಾರ ಅಲ್ಲವಂತೆ," ಎಂದಳು ಮಾರ್ತಾ. "ತಿಂದಾಗ ಚೆನ್ನಾಗಿಯೇ ಇತ್ತಂತೆ. ವೈನ್ ಇಳಿದ ಮೇಲೆ ಗಂಟಲಿಗೆ ಬೆಂಕಿ ಹತ್ತಿತಂತೆ."

ನನ್ನ ಕೈ ಎನಾಮೆಲ್ ಮಗ್ ಮೇಲಿತ್ತು. ನಾನು ತುತ್ತು ನುಂಗುತ್ತೇನೆ, ವೈನ್ ಉಗುಳುತ್ತೇನೆ. ಖಾರ ಸವರಿದ ಗಂಟಲಿನ ಮೇಲೆ ವೈನ್ ಹರಿದಾಗ ಏನಾಗುತ್ತದೆಂಬುದು ನನಗೆ ಒಮ್ಮೆಯೂ ಗೊತ್ತಾಗಿಲ್ಲ. ಮದ್ಯಸಾರವೂ ಒಗರೂ ಖಾರವನ್ನು ಕೆರಳಿಸುತ್ತವೆ ಎಂದು ಓದಿ ಪಾಸಾದವಳು ನಾನು. ನಾಲಿಗೆ ಮಾತ್ರ ನಂಬಿ ಗೀಟು ಹಾಕುತ್ತಾ ಬಂದಿದ್ದೆ. ರಾಜಾಜಿನಗರದಲ್ಲಿ ಗಿರಾಕಿಗಳು ಸರಿಸಿಟ್ಟ ಆ ಗ್ಲಾಸುಗಳನ್ನೆಲ್ಲ ಆರಿಸಿದವಳೂ ನಾನೇ, ಇದೇ ರೀತಿಯಲ್ಲಿ.

ಅಷ್ಟರಲ್ಲಿ ತಾತ ಅಂಗಳಕ್ಕೆ ಹೋಗಿದ್ದ. ಅಲ್ಲೊಂದು ಕಲ್ಲುತೊಟ್ಟಿ. ಬೆಟ್ಟದ ಊಟೆಯ ನೀರು ಸದಾ ಹರಿದು ಬೀಳುತ್ತದೆ. ಕೊಯ್ಲಿನವರಿಗೆಂದು ಫೆರ್ನಾಚ್ ತುಂಬಿದ ಹೂಜಿಯೊಂದನ್ನು ಅದರಲ್ಲಿ ಮುಳುಗಿಸಿಟ್ಟಿರುತ್ತಾರೆ. ತಾತ ನೀರು ಕುಡಿಯಲಿಲ್ಲ. ಹೂಜಿ ಎತ್ತಿ ಲೋಟಕ್ಕೆ ಸುರಿದು ಕುಡಿದ. ನಿಂತ. ಇನ್ನೊಂದು ಗುಟುಕು. ಲೋಟ ಹಿಡಿದುಕೊಂಡೇ ಒಳಗೆ ಬಂದು ಕೂತು, ಮತ್ತೊಂದು ರೊಟ್ಟಿ ಮುರಿದ.

ನಾನು ಎದ್ದು ಹೋಗಿ ಹೂಜಿಗೆ ಕೈ ಹಚ್ಚಿದೆ. ಎಷ್ಟು ತಣ್ಣಗಿತ್ತೆಂದರೆ ಬೆರಳು ಚುರುಗುಟ್ಟಿತು.

ಕೊಯ್ಲಿನವರ ಊಟ, ಐದನೇ ದಿನ

ಒಬ್ಬ ತಾತನನ್ನು ನಂಬಿ ಬೆಂಗಳೂರಿಗೆ ಹೋಗುವ ಹಾಗಿರಲಿಲ್ಲ. ನನ್ನ ಗಂಟಲು ಕೆಲಸಕ್ಕೆ ಬಾರದು, ಬೇರೆಯವರ ಗಂಟಲು ಬೇಕು. ಕೊಯ್ಲಿಗೆ ಬಂದಿದ್ದ ಒಂಬತ್ತು ಜನಕ್ಕೂ ಅಡುಗೆ ಮಾಡುತ್ತೇನೆಂದು ಅಜ್ಜಿಯನ್ನು ಕೇಳಿದೆ. ಅಜ್ಜಿ ಏಪ್ರನ್ ಬಿಚ್ಚಿ ನನಗೆ ಕಟ್ಟಿದಳು. ಕೊನೆಯ ಚಿಟಿಕೆಯವರೆಗೂ ಅವ್ವನ ಖಾರ ಬಳಸಿದೆ.

ಚಪ್ಪರದ ಕೆಳಗೆ ಮೇಜು ಹಾಕಿದೆವು. ಮೊದಲು ಎಲ್ಲರಿಗೂ ಒಲೆಯ ಪಕ್ಕ ಇಟ್ಟಿದ್ದ ಫೆರ್ನಾಚ್. ಬೇಕೆಂದೇ ಅಲ್ಲಿಟ್ಟಿದ್ದೆ, ನಮ್ಮ ಮಹಡಿಯ ಮಧ್ಯಾಹ್ನದ ಸೆಕೆಯೂ ಹಾಗೆಯೇ ಇರುತ್ತದೆ. ಆರು ಜನ ನೀರು ಕೇಳಿದರು. ಆಮೇಲೆ ಅದೇ ವೈನ್, ತೊಟ್ಟಿಯಿಂದ ತೆಗೆದದ್ದು. ನೀರು ಕೇಳಿದವರು ಒಬ್ಬರು. ಕೊನೆಗೆ ಲಾಗ್ರೈನನ್ನೂ ತೊಟ್ಟಿಯಲ್ಲಿಟ್ಟು ತಂದೆ. ಗಟ್ಟಿ ವೈನ್ ತಣ್ಣಗಾದರೆ ಒಗರು ಇನ್ನಷ್ಟು ಬಿಗಿಯಾಗುತ್ತದೆ. ಎಲ್ಲರೂ ನಮ್ಮ ಗಿರಾಕಿಗಳ ಹಾಗೆಯೇ ಮುಖ ಹಿಂಡಿದರು. ಆ ಮುಖಗಳನ್ನು ನೋಡಿ ನನಗೆ ಇಷ್ಟು ಖುಷಿಯಾದದ್ದು ಅದೇ ಮೊದಲು.

ಹಾಗಾದರೆ ತಣ್ಣಗಿದ್ದರಷ್ಟೇ ಸಾಲದು, ಹಗುರವೂ ಆಗಿರಬೇಕು. ಹಗುರವಾಗಿದ್ದರೆ ಸಾಲದು, ತಣ್ಣಗಿರಬೇಕು. ಎರಡೂ ಸೇರಿದಾಗ ಹಣ್ಣಿನ ರುಚಿ ಖಾರದ ಮೇಲೆ ಮಜ್ಜಿಗೆಯಂತೆ ಹರಿಯುತ್ತದೆ, ಶೇಂಗಾ ಎಣ್ಣೆಯ ಜಿಡ್ಡನ್ನು ಹುಳಿ ಕತ್ತರಿಸುತ್ತದೆ. ರೊಟ್ಟಿಯ ಬುಟ್ಟಿ ಎರಡು ಸಲ ಖಾಲಿಯಾಯಿತು. ಎರಡನೆಯ ಸಲ ಬುಟ್ಟಿ ತುಂಬಿ ತಂದ ಅಜ್ಜಿ ನನ್ನ ಭುಜ ತಟ್ಟಿ, ಮಾರ್ತಾಗೆ ಕಾಯದೆ ಜರ್ಮನ್‌ನಲ್ಲೇ ಏನೋ ಹೇಳಿದಳು. ಅರ್ಥ ಕೇಳಲು ಹೋಗಲಿಲ್ಲ.

ಹರೀಶ್ ಸಾರ್‌ಗೆ ನಾನೇ ಫೋನ್ ಮಾಡಿದೆ.

"ಸಿಕ್ತು ಸಾರ್. ಆದ್ರೆ ಫ್ರಿಜ್ಜಲ್ಲಿ ಇಡ್ಬೇಕು."

"ರೆಡ್ ವೈನ್‌ನ ಫ್ರಿಜ್ಜಲ್ಲಾ? ನಗ್ತಾರಮ್ಮ ಜನ. ರೂಮ್ ಟೆಂಪರೇಚರ್ ಅಂತ ನೀನೇ ತಾನೆ ಹುಡುಗ್ರಿಗೆಲ್ಲ ಪಾಠ ಮಾಡಿದ್ದು?"

"ಯಾರ ರೂಮು ಸಾರ್? ಇಲ್ಲಿ ರೂಮಲ್ಲಿ ಸ್ವೆಟರ್ ಹಾಕ್ಕೊಂಡ್ ಮಾತಾಡ್ತಾ ಇದೀನಿ."

"ಬಾಯಿ ಜೋರಾಗಿದೆ ನಿಂದು. ತಗೊಂಡ್ ಬಾ, ನೋಡೋಣ. ನಂಗೆ ಹಿಡಿಸಿಲ್ಲಾಂದ್ರೆ ಮಾತ್ರ ಮೊದಲೇ ಹೇಳಿದೀನಿ."

ಮತ್ತೆ ಬ್ಯಾಡರಹಳ್ಳಿ

ಎರಡು ಬಾಟಲಿ ತಂದೆ. ಒಂದೂ ಒಡೆಯಲಿಲ್ಲ. ಸೂಟ್‌ಕೇಸ್ ಬಿಚ್ಚಿದವಳು ಅವ್ವ. ಸೀರೆಯ ಮಡಿಕೆ ತೆಗೆದಳು, ರೊಟ್ಟಿಯ ನುಚ್ಚು ಉದುರಿತು, ಹಸಿರು ಗಾಜು ಕಂಡಿತು.

"ನನ್ನ ಸೀರ್ಯಾಗ?"

"ಬ್ಯಾರೆ ಏನೂ ಇರಲಿಲ್ಲವ್ವ."

"ರೊಟ್ಟಿ ನುಚ್ಚಾಗ್ಯಾವ, ಇದು ಮಾತ್ರ ಗಟ್ಟಿ ಕುಂತದ ನೋಡು." ಬಾಟಲಿಯನ್ನು ಎರಡು ಬೆರಳಲ್ಲಿ ಎತ್ತಿ ಪಕ್ಕಕ್ಕಿಟ್ಟು, ಸೀರೆಯನ್ನು ನೇರ ಬಕೆಟ್ಟಿಗೆ ಹಾಕಿದಳು. ನೀರು ಬಿಡುತ್ತಾ, ನನ್ನ ಕಡೆ ತಿರುಗದೆ ಕೇಳಿದಳು: "ಇಳೀತೇನು?"

"ಒಂದು ಹನೀನೂ ಇಲ್ಲ. ಅದಕ್ಕ ಮೋಸ ಹೋಗಿದ್ದೆ."

ಎಲ್ಲವನ್ನೂ ಹೇಳಿದೆ. ತಾತನ ಗಂಟಲಿನ ಸಂಗತಿಗೆ ಬಂದಾಗ ಅವಳು ನಲ್ಲಿ ನಿಲ್ಲಿಸಿ ಕೇಳಿದಳು. ಮಗ್‌ನ ಸಂಗತಿಗೆ ಸೆರಗು ಬಾಯಿಗೆ ಹಿಡಿದು ನಕ್ಕಳು.

ರಾಜಾಜಿನಗರ, ಮಹಡಿ

ಹೋಟೆಲ್ ತೆರೆಯುವ ಮುಂಚೆಯೇ ಸಾರ್ ಬಂದು ಕೂತರು. ಅವ್ವನೂ ಬಂದಿದ್ದಳು, ಅವತ್ತಿನ ರೊಟ್ಟಿ ಇಳಿಸಲು. ಮಹಡಿಗೆ ಬಾರ್ ಬಂದ ಮೇಲೆ ಅವಳು ಒಂದು ದಿನವೂ ಮೆಟ್ಟಿಲು ಹತ್ತಿದವಳಲ್ಲ. ಅಂದು ಮೇಲಿನ ಮೆಟ್ಟಿಲವರೆಗೆ ಬಂದು ಕಂಬಿ ಹಿಡಿದು ನಿಂತಳು.

ಎರಡು ಗ್ಲಾಸ್ ಇಟ್ಟೆ. ಒಂದರಲ್ಲಿ ಹೊರಗಿಟ್ಟ ಫೆರ್ನಾಚ್, ಇನ್ನೊಂದರಲ್ಲಿ ಫ್ರಿಜ್ಜಿನದು. ಗ್ಲಾಸಿನ ಹೊರಗೆ ಹನಿ ಕಟ್ಟಿತ್ತು.

"ಇದೇನಮ್ಮ ಇಷ್ಟ್ ತೆಳ್ಳಗಿದೆ, ರಸ್ನಾ ಥರ?"

"ಕುಡೀರಿ ಸಾರ್. ಮೊದ್ಲು ಎಣ್ಣೆಗಾಯಿ ತಿನ್ನಿ. ನುಂಗಿ, ಉಗೀಬೇಡಿ."

"ನಾನ್ಯಾಕ್ ಉಗೀಲಿ, ದುಡ್ ಕೊಟ್ ತಗೊಳ್ಳೋನು!"

ಮೊದಲ ಗ್ಲಾಸಿಗೆ ಸಾರ್ ಕೆಮ್ಮಿದರು. ನನ್ನ ಕಡೆ ನೋಡಿದ ನೋಟದಲ್ಲಿ ಬಿಲ್ಲಿಂಗ್ ಕೌಂಟರ್ ಕಾಣಿಸಿತು. ಮಾತಾಡಲು ಬಿಡದೆ ಎರಡನೆಯ ಗ್ಲಾಸನ್ನು ಮುಂದೆ ತಳ್ಳಿದೆ. ಮತ್ತೆ ಎಣ್ಣೆಗಾಯಿ, ಮತ್ತೆ ಒಂದು ಗುಟುಕು. ಸಾರ್ ಗ್ಲಾಸನ್ನು ಬೆಳಕಿಗೆ ಹಿಡಿದರು. ಇನ್ನೊಂದು ಗುಟುಕು ಇಳಿಸಿದರು. ತಟ್ಟೆ ನೋಡಿಕೊಂಡೇ ಅವರ ಎಡಗೈ ಮೇಜಿನ ಮೇಲೆ ರೊಟ್ಟಿ ಬುಟ್ಟಿಯನ್ನು ಹುಡುಕಿತು. ನಾನು ಬುಟ್ಟಿಯನ್ನು ಕೈಗೆ ಸಿಗುವಷ್ಟು ಹತ್ತಿರ ಸರಿಸಿದೆ, ಅಷ್ಟೇ.

ಗ್ಲಾಸ್ ಖಾಲಿಯಾದ ಮೇಲೆ ಸಾರ್ ಕೈ ಒರೆಸಿಕೊಂಡು ಕೇಳಿದರು. "ಆ ಬಿಯರ್ ಫ್ರಿಜ್ಜಲ್ಲಿ ಎಷ್ಟು ಬಾಟ್ಲಿ ಹಿಡ್ಸುತ್ತೆ ಇದು?"

ನಾನು ಉತ್ತರ ಕೊಡುವ ಮುಂಚೆ ಮೆಟ್ಟಿಲಿನಿಂದ ಅವ್ವನ ದನಿ ಬಂತು. ಅವಳು ಕೇಳಿದ್ದು ವೈನಿನ ಬಗ್ಗೆ ಅಲ್ಲ.

"ಶಿಲ್ಪಾ, ಸಾಹೇಬ್ರು ಎಷ್ಟು ರೊಟ್ಟಿ ತಿಂದ್ರು?"

"ನಾಕು, ಅವ್ವ."

"ದಿನಾ ಎರಡ ತಿಂತಿದ್ರಲ್ಲ." ಖಾಲಿ ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು ಕೆಳಗಿಳಿಯುತ್ತಾ ಹೇಳಿದಳು. "ಹಂಗಾದ್ರ ನಾಳಿಗೆ ಹಿಟ್ಟು ಹೆಚ್ಚಿಗಿ ನಾದಬೇಕು."